ಕೃತಕ ಸಿನಾಪ್ಸ್: ನೀವು ಪದೇ ಪದೇ ಕೇಳಿದ ಪ್ರಶ್ನೆಗಳು

ಬೆಂಗಳೂರಿನ ಒಂದು ಲ್ಯಾಬ್‌ನಲ್ಲಿ ಕೆಲವು ವರ್ಷ ಇಂಥ ಡಿವೈಸ್‌ಗಳನ್ನು ಅಳೆಯುವ ಕೆಲಸ ಮಾಡಿದ್ದೇನೆ. ಕಾಲೇಜುಗಳಿಗೆ ಮಾತಾಡಲು ಹೋದಾಗಲೂ, ಆಮೇಲೆ ಬರುವ ಪತ್ರ, ಮೆಸೇಜ್‌ಗಳಲ್ಲೂ ಹೆಚ್ಚುಕಡಿಮೆ ಅವೇ ಪ್ರಶ್ನೆಗಳು. ಅವನ್ನೆಲ್ಲ ಒಂದು ಕಡೆ ಕೂಡಿಸಿದ್ದೇನೆ. ಕೇಳಿದವರ ಮಾತನ್ನು ತಿದ್ದಿಲ್ಲ. ಸುಲಭದ್ದು ಮೊದಲು, ತಲೆನೋವಿನದ್ದು ಕೊನೆಗೆ.

## ಮೊದಲಿಂದ ಶುರು ಮಾಡುವವರಿಗೆ

ಸಿನಾಪ್ಸ್ ಅಂದ್ರೆ ನರಾನಾ?

ನರ ಅಲ್ಲ, ಎರಡು ನರಕೋಶಗಳು ಎದುರುಬದುರಾಗುವ ಜಾಗ. ಹೆಚ್ಚಿನ ಕಡೆ ಅವು ಒಂದನ್ನೊಂದು ಮುಟ್ಟುವುದಿಲ್ಲ. ನಡುವೆ ಸುಮಾರು 20 ನ್ಯಾನೋಮೀಟರ್ ಸಂದು ಇರುತ್ತದೆ. ಈಚೆ ಕೋಶಕ್ಕೆ ವಿದ್ಯುತ್ ಮಿಡಿತ ಬಂದಾಗ ಅದರ ತುದಿಯಿಂದ ಒಂದಿಷ್ಟು ರಾಸಾಯನಿಕ ಆ ಸಂದಿಗೆ ಬೀಳುತ್ತದೆ, ಆಚೆ ಕೋಶ ಅದನ್ನು ಹಿಡಿಯುತ್ತದೆ. 'ಸಿನಾಪ್ಸ್' ಅನ್ನುವ ಹೆಸರನ್ನು 1897ರಲ್ಲಿ ಬಳಕೆಗೆ ತಂದವರು ಚಾರ್ಲ್ಸ್ ಶೆರಿಂಗ್ಟನ್.

ನಮಗೆ ಮುಖ್ಯವಾದದ್ದು ಬೇರೆ. ಈ ಕೊಂಡಿಯ ಬಲ ಒಂದೇ ಥರ ಇರುವುದಿಲ್ಲ. ಹೊಲದ ನಡುವೆ ಕಾಲುದಾರಿ ಬೀಳುವುದನ್ನು ನೋಡಿದ್ದೀರಲ್ಲ? ದಿನಾ ನಾಲ್ಕು ಮಕ್ಕಳು ಶಾಲೆಗೆ ಅಲ್ಲೇ ನಡೆದರೆ ಹುಲ್ಲು ಸತ್ತು ಮಣ್ಣು ಕಾಣುತ್ತದೆ. ಒಂದು ಮಳೆಗಾಲ ಯಾರೂ ಓಡಾಡದಿದ್ದರೆ ಮತ್ತೆ ಹುಲ್ಲು ಮುಚ್ಚುತ್ತದೆ. ಜೊತೆಜೊತೆಯಾಗಿ ಕೆಲಸ ಮಾಡುವ ಕೋಶಗಳ ನಡುವಿನ ಕೊಂಡಿಯೂ ಹೀಗೇ ಗಟ್ಟಿಯಾಗಬೇಕು ಎಂದು ಡೊನಾಲ್ಡ್ ಹೆಬ್ 1949ರಲ್ಲಿ ಊಹಿಸಿದರು. ಮೊಲದ ಮೆದುಳಿನಲ್ಲಿ ಇದನ್ನು ಅಳೆದು ತೋರಿಸಿದ ಬ್ಲಿಸ್ ಮತ್ತು ಲೋಮೋ ಅವರ ಪ್ರಬಂಧ ಬಂದದ್ದು 1973ರಲ್ಲಿ.

ಹಾಗಾದ್ರೆ ಕೃತಕ ಸಿನಾಪ್ಸ್ ಅನ್ನೋ ವಸ್ತು ಕಣ್ಣಿಗೆ ಹೇಗೆ ಕಾಣುತ್ತೆ?

ನೋಡಿದರೆ ಬೇಜಾರಾಗಬಹುದು. ಹೆಬ್ಬೆರಳ ಉಗುರಿನಷ್ಟು ಸಿಲಿಕಾನ್ ಚೂರು, ಮೇಲೆ ನೇರಳೆಯೋ ನೀಲಿಯೋ ಬಣ್ಣ. ಮೈಕ್ರೋಸ್ಕೋಪ್ ಕೆಳಗೆ ಇಟ್ಟರೆ ಅಡ್ಡ ಒಂದು ಲೋಹದ ಗೆರೆ, ಉದ್ದ ಒಂದು ಗೆರೆ, ಗೆರೆಗಳ ತುದಿಯಲ್ಲಿ ಸೂಜಿ ಊರಲು ಚೌಕ. ಗೆರೆಗಳು ಒಂದರ ಮೇಲೊಂದು ಹಾದುಹೋಗುವ ಆ ಕೂಡುವ ಜಾಗವೇ ಡಿವೈಸ್. ಕೆಳಗೆ ಲೋಹ, ಮೇಲೆ ಲೋಹ, ನಡುವೆ ಕೆಲವೇ ನ್ಯಾನೋಮೀಟರ್ ದಪ್ಪದ ಪದರ.

ಅದರ ಗುಣ ಇಷ್ಟೇ: ಸರಿಯಾದ ವೋಲ್ಟೇಜ್ ಕೊಟ್ಟರೆ ಅದರ ರೆಸಿಸ್ಟೆನ್ಸ್ ಬದಲಾಗುತ್ತದೆ, ವೋಲ್ಟೇಜ್ ತೆಗೆದರೂ ಹಾಗೇ ಉಳಿಯುತ್ತದೆ. ತನ್ನ ಮೂಲಕ ಹಿಂದೆ ಏನು ಹಾದುಹೋಯಿತು ಅನ್ನುವುದು ಅದರ ಮೈಯಲ್ಲೇ ಉಳಿದಿರುತ್ತದೆ. ಅದಕ್ಕೇ ಸಿನಾಪ್ಸ್‌ಗೆ ಹೋಲಿಕೆ. 'ಮೆದುಳಿನಂಥ ಚಿಪ್' ಅನ್ನುವ ಪತ್ರಿಕೆ ಹೆಡ್‌ಲೈನ್ ನನಗೆ ಅಷ್ಟು ಇಷ್ಟವಿಲ್ಲ. ನೆನಪಿರುವ ರೆಸಿಸ್ಟರ್ ಅಂದರೆ ಸಾಕು.

ನಮ್ಮ ತಂದೆಗೆ ಪಾರ್ಕಿನ್ಸನ್ ಇದೆ. ಇದನ್ನ ಮೆದುಳಿಗೆ ಹಾಕಿಸಬಹುದಾ?

ಇಲ್ಲ. ಇದು ಕಂಪ್ಯೂಟರ್ ಕಟ್ಟುವ ಬಿಡಿಭಾಗ, ಚಿಕಿತ್ಸೆ ಅಲ್ಲ. ಪಾರ್ಕಿನ್ಸನ್‌ಗೆ ಮೆದುಳಿನೊಳಗೆ ಎಲೆಕ್ಟ್ರೋಡ್ ಇಟ್ಟು ಮಿಡಿತ ಕೊಡುವ ಚಿಕಿತ್ಸೆ ಇದೆ, ಆದರೆ ಅದು ಬೇರೆಯೇ ವಿಷಯ. ಅದರ ಬಗ್ಗೆ ನರರೋಗ ತಜ್ಞರನ್ನೇ ಕೇಳಿ. ಎರಡರಲ್ಲೂ 'ಮೆದುಳು' ಅನ್ನುವ ಪದ ಇರುವುದರಿಂದ ಈ ಗೊಂದಲ ಬಹಳ ಜನಕ್ಕೆ ಆಗುತ್ತದೆ.

ಮಾಮೂಲಿ ಕಂಪ್ಯೂಟರ್‌ಗೆ ಏನಾಗಿದೆ? ಚೆನ್ನಾಗೇ ಓಡ್ತಿದೆಯಲ್ಲ?

ಓಡುತ್ತಿದೆ, ಆದರೆ ಓಡಾಟವೇ ಜಾಸ್ತಿ. ಮದುವೆ ಮನೆಯ ಅಡುಗೆ ನೆನೆಸಿಕೊಳ್ಳಿ. ಭಟ್ಟರು ಒಲೆ ಹತ್ತಿರ, ಉಗ್ರಾಣ ಛತ್ರದ ಇನ್ನೊಂದು ಮೂಲೆಯಲ್ಲಿ. ಉಪ್ಪು ಬೇಕು, ಹುಡುಗ ಓಡುತ್ತಾನೆ. ಸಾಸಿವೆ ಬೇಕು, ಮತ್ತೆ ಓಡುತ್ತಾನೆ. ಒಗ್ಗರಣೆ ಹಾಕಲು ಅರೆ ನಿಮಿಷ, ಸಾಮಾನು ತರಲು ಹತ್ತು ನಿಮಿಷ. ನಮ್ಮ ಕಂಪ್ಯೂಟರ್‌ನಲ್ಲಿ ಪ್ರೊಸೆಸರ್ ಒಲೆ, ಮೆಮೊರಿ ಉಗ್ರಾಣ.

ಇದು ಬರೀ ಹೋಲಿಕೆ ಅಲ್ಲ, ಲೆಕ್ಕವೂ ಇದೆ. ಸ್ಟ್ಯಾನ್‌ಫರ್ಡ್‌ನ ಮಾರ್ಕ್ ಹೊರೊವಿಟ್ಜ್ 2014ರಲ್ಲಿ 45 ನ್ಯಾನೋಮೀಟರ್ ಚಿಪ್‌ಗಳಿಗೆ ಒಂದು ಪಟ್ಟಿ ಕೊಟ್ಟರು. 32 ಬಿಟ್‌ನ ಎರಡು ಪೂರ್ಣಾಂಕಗಳನ್ನು ಕೂಡಲು ಸುಮಾರು 0.1 ಪಿಕೋಜೂಲ್ ಖರ್ಚು. ಅದೇ 32 ಬಿಟ್ಟನ್ನು ಚಿಪ್‌ನ ಹೊರಗಿನ ಡಿರ್ಯಾಮ್ ಮೆಮೊರಿಯಿಂದ ತರಲು 640 ಪಿಕೋಜೂಲ್. ಒಗ್ಗರಣೆಗಿಂತ ಓಡಾಟಕ್ಕೆ 6,400 ಪಟ್ಟು ಖರ್ಚು! ಎಐ ಮಾಡೆಲ್‌ಗಳಲ್ಲಿ ಕೋಟಿಗಟ್ಟಲೆ ತೂಕಗಳು, ಅಂದರೆ ವೆಯ್ಟ್‌ಗಳು: ಒಂದೊಂದು ಕೊಂಡಿಯ ಬಲ ಎಷ್ಟು ಅಂತ ಹೇಳುವ ಸಂಖ್ಯೆಗಳು. ಅವನ್ನು ಎಳೆದು ತರುವುದರಲ್ಲೇ ಕರೆಂಟ್ ಬಿಲ್ ಏರುತ್ತದೆ.

ಮೆದುಳಿನಲ್ಲಿ ಉಗ್ರಾಣ ಬೇರೆ ಇಲ್ಲ. ಸುಮಾರು 8,600 ಕೋಟಿ ನರಕೋಶಗಳು, ಒಟ್ಟು ಖರ್ಚು 20 ವ್ಯಾಟ್‌ನಷ್ಟು. ನೆನಪು ಎಲ್ಲಿದೆಯೋ ಕೆಲಸವೂ ಅಲ್ಲೇ. ಕೃತಕ ಸಿನಾಪ್ಸ್‌ನಿಂದ ನಾವು ನಿಜವಾಗಿ ಕಲಿಯಲು ಹೊರಟಿರುವುದು ಇದನ್ನು, ಮಸಾಲೆ ಡಬ್ಬಿಯನ್ನು ಒಲೆ ಪಕ್ಕಕ್ಕೆ ತಂದಿಡುವುದನ್ನು.

ಮೆಮ್ರಿಸ್ಟರ್ ಕಂಡುಹಿಡಿದಿದ್ದು ಎಚ್‌ಪಿ ಕಂಪನಿ ಅಲ್ವಾ?

ಅರ್ಧ ಸರಿ. ಮೇಲೆ ಹೇಳಿದ ನೆನಪಿರುವ ರೆಸಿಸ್ಟರ್‌ಗೇ ಮೆಮ್ರಿಸ್ಟರ್ ಅನ್ನುವುದು. ಬರ್ಕ್ಲಿಯ ಲಿಯಾನ್ ಚುವಾ 1971ರಲ್ಲೇ ಕಾಗದದ ಮೇಲೆ ಲೆಕ್ಕ ಹಾಕಿದ್ದರು. ರೆಸಿಸ್ಟರ್, ಕೆಪಾಸಿಟರ್, ಇಂಡಕ್ಟರ್ ಆದಮೇಲೆ ನಾಲ್ಕನೆಯದೊಂದು ಇರಬೇಕು ಎಂದು ಹೇಳಿ, ಅದಕ್ಕೆ 'ಮೆಮೊರಿ', 'ರೆಸಿಸ್ಟರ್' ಎರಡನ್ನೂ ಸೇರಿಸಿ ಹೆಸರಿಟ್ಟರು. 2008ರಲ್ಲಿ ಎಚ್‌ಪಿ ಲ್ಯಾಬ್ಸ್‌ನ ಸ್ಟ್ಯಾನ್ಲಿ ವಿಲಿಯಮ್ಸ್ ತಂಡ 'ಇಗೋ ಸಿಕ್ಕಿತು' ಎಂದು ಪ್ಲಾಟಿನಂ ನಡುವೆ ಟೈಟಾನಿಯಂ ಡೈಆಕ್ಸೈಡ್ ಇಟ್ಟ ಡಿವೈಸ್ ತೋರಿಸಿತು. ಗೋಡೆಗೆ ಬಳಿಯುವ ಬಿಳಿ ಪೇಂಟ್‌ನಲ್ಲಿ ಇರುವುದೂ ಅದೇ ವಸ್ತು. ಅದು ಚುವಾ ಹೇಳಿದ ಮೆಮ್ರಿಸ್ಟರೇ ಹೌದಾ ಅಂತ ವಾದ ಇನ್ನೂ ಇದೆ.

ನನಗೆ ಜಾಸ್ತಿ ಇಷ್ಟವಾಗುವ ಕತೆ ಇದಕ್ಕಿಂತ ಹಳೆಯದು. 1960ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಬರ್ನಾರ್ಡ್ ವಿಡ್ರೋ ಮತ್ತು ಅವರ ವಿದ್ಯಾರ್ಥಿ ಟೆಡ್ ಹಾಫ್ ಕಲಿಯುವ ಯಂತ್ರವೊಂದನ್ನು ಕಟ್ಟುತ್ತಿದ್ದರು. ಅದರ ತೂಕಗಳನ್ನು ಕೈಯಿಂದ ತಿರುಗಿಸುವ ಬದಲು ಕರೆಂಟ್‌ನಿಂದಲೇ ಬದಲಿಸಬೇಕಿತ್ತು. ಏನು ಮಾಡಿದರು ಗೊತ್ತಾ? ಬರೆಯುವ ಪೆನ್ಸಿಲ್‌ನ ಕಡ್ಡಿ ತೆಗೆದು ಮೈಲುತುತ್ತದ ದ್ರಾವಣದಲ್ಲಿ ಅದ್ದಿದರು. ಕರೆಂಟ್ ಒಂದು ದಿಕ್ಕಿಗೆ ಹರಿದರೆ ಕಡ್ಡಿಯ ಮೇಲೆ ತಾಮ್ರ ಕೂರುತ್ತದೆ, ರೆಸಿಸ್ಟೆನ್ಸ್ ಇಳಿಯುತ್ತದೆ. ತಿರುಗಿಸಿದರೆ ತಾಮ್ರ ಬಿಡುತ್ತದೆ, ರೆಸಿಸ್ಟೆನ್ಸ್ ಏರುತ್ತದೆ. ಅದಕ್ಕೆ 'ಮೆಮಿಸ್ಟರ್' ಎಂದು ಹೆಸರಿಟ್ಟರು. ಇದೇ ಹಾಫ್ ಮುಂದೆ ಇಂಟೆಲ್‌ಗೆ ಹೋಗಿ ಮೊದಲ ಮೈಕ್ರೋಪ್ರೊಸೆಸರ್ ಮಾಡಿದವರಲ್ಲಿ ಒಬ್ಬರಾದರು. ಉಗ್ರಾಣ ದೂರ ಇಟ್ಟ ಕಂಪ್ಯೂಟರ್ ಮನೆಮನೆಗೂ ಬರಲು ಅವರೂ ಕಾರಣ. ಇದನ್ನು ಕ್ಲಾಸಿನಲ್ಲಿ ಹೇಳಿದಾಗಲೆಲ್ಲ ಹುಡುಗರು ನಗುತ್ತಾರೆ.

## ಸ್ವಲ್ಪ ಒಳಗೆ ಹೋಗೋಣ ಅನ್ನುವವರಿಗೆ

ಒಂದು ರೆಸಿಸ್ಟರ್ ಲೆಕ್ಕ ಹೇಗೆ ಮಾಡುತ್ತೆ ಸಾರ್? ನಂಬೋಕೇ ಆಗ್ತಿಲ್ಲ.

ಎಸ್ಸೆಸ್ಸೆಲ್ಸಿಯಲ್ಲಿ ಓಮ್‌ನ ನಿಯಮ ಓದಿದ್ದೀರಲ್ಲ, ಅದೇ ಸಾಕು. ಒಂದು ಉದ್ದ ತಂತಿ ತಗೊಳ್ಳಿ. ಅದಕ್ಕೆ ಎರಡು ಡಿವೈಸ್ ಅಂಟಿವೆ. ಒಂದರ ರೆಸಿಸ್ಟೆನ್ಸ್ 100 ಕಿಲೋಓಮ್, ಇನ್ನೊಂದರದು 50 ಕಿಲೋಓಮ್. ತಲೆಕೆಳಗು ಮಾಡಿದರೆ ಕಂಡಕ್ಟೆನ್ಸ್: 10 ಮತ್ತು 20 ಮೈಕ್ರೋಸೀಮೆನ್ಸ್. ಇವೇ ನಮ್ಮ ತೂಕಗಳು.

ಮೊದಲನೆಯದಕ್ಕೆ 0.2 ವೋಲ್ಟ್ ಕೊಡಿ. 0.2 ಸಲ 10, ಅಂದರೆ 2 ಮೈಕ್ರೋಆಂಪ್ ಹರಿಯುತ್ತದೆ. ಎರಡನೆಯದಕ್ಕೆ 0.3 ವೋಲ್ಟ್ ಕೊಡಿ. 0.3 ಸಲ 20, ಅಂದರೆ 6 ಮೈಕ್ರೋಆಂಪ್. ಎರಡೂ ಒಂದೇ ತಂತಿಗೆ ಇಳಿಯುವುದರಿಂದ ತುದಿಯಲ್ಲಿ ಮೀಟರ್ ಇಟ್ಟರೆ 8 ಮೈಕ್ರೋಆಂಪ್ ಕಾಣುತ್ತದೆ. ಗುಣಾಕಾರ ಮಾಡಿದ್ದು ಓಮ್, ಕೂಡಿದ್ದು ಕಿರ್ಕಾಫ್. ಎಲ್ಲೂ ಯಾವ ಸಂಖ್ಯೆಯನ್ನೂ ಸಾಗಿಸಲಿಲ್ಲ.

ಈಗ ಅಡ್ಡ 64, ಉದ್ದ 64 ತಂತಿಗಳ ಜಾಲರಿ ಇದ್ದರೆ? 4,096 ಗುಣಾಕಾರ ಒಂದೇ ಏಟಿಗೆ ಆಗುತ್ತದೆ. ಈ ಜಾಲರಿಗೆ ಕ್ರಾಸ್‌ಬಾರ್ ಎನ್ನುತ್ತಾರೆ. ನ್ಯೂರಲ್ ನೆಟ್‌ವರ್ಕ್‌ಗಳ ಕೆಲಸದಲ್ಲಿ ಬಹುಪಾಲು ಇದೇ ಗುಣಿಸಿ ಕೂಡುವುದು.

ಯಾವ ವಸ್ತುವಿನಲ್ಲಿ ಮಾಡ್ತಾರೆ? ಯಾವುದು ಬೆಸ್ಟ್?

ನಾಲ್ಕು ಮುಖ್ಯ ಕುಲಗಳಿವೆ. ಬೆಸ್ಟ್ ಯಾವುದು ಅಂತ ಕೇಳಿದರೆ ಲ್ಯಾಬ್‌ಗಳಲ್ಲಿ ಜಗಳವೇ ಆಗುತ್ತದೆ.

ಮೊದಲನೆಯದು ಆಕ್ಸೈಡ್‌ನೊಳಗೆ ಸಣ್ಣ ಎಳೆ ಬೆಳೆಸುವುದು. ಹಾಫ್ನಿಯಂ ಆಕ್ಸೈಡ್‌ನಂಥ ಪದರದಲ್ಲಿ ವೋಲ್ಟೇಜ್ ಕೊಟ್ಟಾಗ ಆಮ್ಲಜನಕದ ಅಯಾನುಗಳು ಜರುಗಿ ಒಂದು ದಾರಿ ಬೀಳುತ್ತದೆ. ಉಲ್ಟಾ ಕೊಟ್ಟರೆ ದಾರಿ ತುಂಡಾಗುತ್ತದೆ. ಎರಡನೆಯದು ರೂಪ ಬದಲಿಸುವ ವಸ್ತು: ಜರ್ಮೇನಿಯಂ, ಆ್ಯಂಟಿಮನಿ, ಟೆಲ್ಲೂರಿಯಂ ಮಿಶ್ರಣ. ಅಳಿಸಿ ಬರೆಯುವ ಡಿವಿಡಿಗಳಲ್ಲಿ ಇದ್ದದ್ದು ಇಂಥದ್ದೇ. ಬಿಸಿ ಮಾಡಿ ಥಟ್ಟನೆ ತಣಿಸಿದರೆ ಗಾಜಿನಂತೆ ಆಗುತ್ತದೆ, ಕರೆಂಟ್ ಬಿಡುವುದಿಲ್ಲ. ಸ್ವಲ್ಪ ಹೊತ್ತು ಹದವಾಗಿ ಕಾಯಿಸಿದರೆ ಹರಳು ಕಟ್ಟುತ್ತದೆ, ಬಿಡುತ್ತದೆ. ಬೆಲ್ಲದ ಪಾಕ ಕಾಯಿಸಿದವರಿಗೆ ಈ ಹದದ ವಿಷಯ ಬೇಗ ಅರ್ಥವಾಗುತ್ತದೆ. ಇದರ ದೊಡ್ಡ ಕಾಟ ಅಂದರೆ, ಬರೆದಿಟ್ಟ ರೆಸಿಸ್ಟೆನ್ಸ್ ದಿನ ಕಳೆದಂತೆ ತಾನೇ ಮೆಲ್ಲಗೆ ಏರುತ್ತಾ ಹೋಗುತ್ತದೆ.

ಮೂರನೆಯದು ಫೆರೋಎಲೆಕ್ಟ್ರಿಕ್: ಒಳಗಿನ ಚಾರ್ಜ್‌ಗಳ ದಿಕ್ಕನ್ನು ವೋಲ್ಟೇಜ್‌ನಿಂದ ತಿರುಗಿಸಿದರೆ ಹಾಗೇ ಉಳಿಯುವ ವಸ್ತು. ನಾಲ್ಕನೆಯದು ಅಯಾನುಗಳನ್ನು ಬ್ಯಾಟರಿಯಂತೆ ಒಳಗೆ ತುಂಬಿ ಹೊರಗೆ ತೆಗೆಯುವ ಮೂರು ಕಾಲಿನ ಡಿವೈಸ್. ಸ್ಟ್ಯಾನ್‌ಫರ್ಡ್‌ನ ಆಲ್ಬರ್ಟೊ ಸಲ್ಲಿಯೊ ತಂಡ 2017ರಲ್ಲಿ ಬಾಗುವ ಪ್ಲಾಸ್ಟಿಕ್‌ನಂಥ ಸಾವಯವ ವಸ್ತುವಿನಲ್ಲೇ ಇದನ್ನು ಮಾಡಿ ತೋರಿಸಿತು. ವಿಡ್ರೋ ಅವರ ಪೆನ್ಸಿಲ್ ಕಡ್ಡಿಯ ಮೊಮ್ಮಗು ಅನ್ನಬಹುದು. ಹೆಜ್ಜೆಗಳು ಸಮವಾಗಿ ಬರುವುದರಲ್ಲಿ ನನ್ನ ವೋಟು ಈ ಕೊನೆಯದಕ್ಕೆ. ಫ್ಯಾಕ್ಟರಿಯಲ್ಲಿ ಮಾಡುವ ಸುಲಭ ನೋಡಿದರೆ ಮೊದಲನೆಯದೇ ಮುಂದೆ.

ಟ್ರೂನಾರ್ಥ್, ಲೋಯಿಹಿ ಇವೆಲ್ಲಾ ಮೆಮ್ರಿಸ್ಟರ್ ಚಿಪ್‌ಗಳೇ ತಾನೇ?

ಅಲ್ಲ. ಎರಡೂ ಮಾಮೂಲಿ ಟ್ರಾನ್ಸಿಸ್ಟರ್ ಚಿಪ್‌ಗಳು, ಜೋಡಣೆ ಮಾತ್ರ ಮೆದುಳಿನಿಂದ ಕಲಿತದ್ದು. ಐಬಿಎಂನ ಟ್ರೂನಾರ್ಥ್ 2014ರದು: 10 ಲಕ್ಷ ನ್ಯೂರಾನ್, 25.6 ಕೋಟಿ ಸಿನಾಪ್ಸ್, ಖರ್ಚು 70 ಮಿಲಿವ್ಯಾಟ್ ಆಸುಪಾಸು. ಇಂಟೆಲ್‌ನ ಲೋಯಿಹಿ 2017ರದು. ಅದರ ಎರಡನೇ ಪೀಳಿಗೆಯ 1,152 ಚಿಪ್ ಸೇರಿಸಿ 2024ರಲ್ಲಿ ಹಾಲಾ ಪಾಯಿಂಟ್ ಅನ್ನುವ ಯಂತ್ರ ಕಟ್ಟಿದರು. ಅದರಲ್ಲಿ 115 ಕೋಟಿ ನ್ಯೂರಾನ್. ಇವುಗಳಲ್ಲಿ 'ಸಿನಾಪ್ಸ್' ಅಂದರೆ ಮೆಮೊರಿಯಲ್ಲಿ ಕೂತ ಒಂದು ಸಂಖ್ಯೆ, ಒಂಟಿ ಡಿವೈಸ್ ಅಲ್ಲ. 'ನ್ಯೂರೋಮಾರ್ಫಿಕ್' ಅನ್ನುವ ಪದವನ್ನು ಚಾಲ್ತಿಗೆ ತಂದ ಕಾರ್ವರ್ ಮೀಡ್ 1980ರ ದಶಕದಲ್ಲಿ ಶುರು ಮಾಡಿದ್ದೂ ಟ್ರಾನ್ಸಿಸ್ಟರ್‌ಗಳಿಂದಲೇ.

ಒಂಟಿ ಡಿವೈಸ್‌ಗಳ ದಾರಿ ನಿಧಾನ. 2015ರಲ್ಲಿ ಅಮೆರಿಕದ ಸಾಂತಾ ಬಾರ್ಬರಾದಲ್ಲಿ 12 ಸಲ 12 ಜಾಲರಿಯೊಂದು ಒಂಬತ್ತು ಚುಕ್ಕಿಯ ಚಿತ್ರಗಳಲ್ಲಿ ಮೂರು ಇಂಗ್ಲಿಷ್ ಅಕ್ಷರ ಗುರುತಿಸಲು ಕಲಿತಿತು. 'ಇಷ್ಟೇನಾ?' ಅನ್ನಿಸಬಹುದು. 2022ರ ಹೊತ್ತಿಗೆ ನ್ಯೂರ್‌ರ್‍ಯಾಮ್ ಅನ್ನುವ ಚಿಪ್‌ನಲ್ಲಿ 48 ಕೋರ್, ಸುಮಾರು 30 ಲಕ್ಷ ಡಿವೈಸ್ ಇದ್ದವು.

ನಮ್ಮ ಬೆಂಗಳೂರಲ್ಲಿ ಏನಾದ್ರೂ ನಡೀತಿದ್ಯಾ?

ಚೆನ್ನಾಗೇ ನಡೆಯುತ್ತಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಶ್ರೀತೋಷ್ ಗೋಸ್ವಾಮಿ ಅವರ ತಂಡ ಆಕ್ಸೈಡ್ ಬಿಟ್ಟು ರುಥೇನಿಯಂ ಇರುವ ಒಂದು ಅಣುವಿನ ತೆಳು ಪದರ ಹಿಡಿಯಿತು. 2024ರ ಸೆಪ್ಟೆಂಬರ್‌ನಲ್ಲಿ 'ನೇಚರ್'ನಲ್ಲಿ ಬಂದ ಅವರ ಪ್ರಬಂಧದ ಪ್ರಕಾರ ಒಂದೇ ಡಿವೈಸ್‌ನಲ್ಲಿ 16,500ರಷ್ಟು ಬೇರೆಬೇರೆ ಮಟ್ಟಗಳು ಸಿಗುತ್ತವೆ, ಅಂದರೆ 14 ಬಿಟ್. ಮಾಮೂಲಿ ಮೆಮೊರಿ ಕೋಶಕ್ಕೆ ಸೊನ್ನೆ, ಒಂದು ಎರಡೇ ಗೊತ್ತು. ಜೇಮ್ಸ್ ವೆಬ್ ದೂರದರ್ಶಕ ತೆಗೆದ 'ಪಿಲ್ಲರ್ಸ್ ಆಫ್ ಕ್ರಿಯೇಷನ್' ಚಿತ್ರವನ್ನು ಮೇಜಿನ ಮೇಲಿನ ಸಣ್ಣ ಸೆಟಪ್‌ನಲ್ಲೇ ಅವರು ಮೂಡಿಸಿದರು. ಎಚ್‌ಪಿಯ ಅದೇ ಸ್ಟ್ಯಾನ್ಲಿ ವಿಲಿಯಮ್ಸ್ ಈ ಪ್ರಬಂಧದ ಲೇಖಕರಲ್ಲೂ ಒಬ್ಬರು.

ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ್ದು ಇನ್ನೊಂದು ದಾರಿ. ಜಿ. ಯು. ಕುಲಕರ್ಣಿ ಅವರ ತಂಡ ತೆಳು ಬೆಳ್ಳಿ ಪದರವನ್ನು ಕಾಯಿಸಿತು. ಕಾದ ಹೆಂಚಿನ ಮೇಲೆ ನೀರು ಚಿಮುಕಿಸಿದರೆ ಹನಿಹನಿಯಾಗುವಂತೆ ಬೆಳ್ಳಿ ಒಡೆದು ದ್ವೀಪಗಳಾಯಿತು. ವೋಲ್ಟೇಜ್ ಕೊಟ್ಟಾಗ ದ್ವೀಪಗಳ ನಡುವೆ ಬೆಳ್ಳಿ ಎಳೆ ಸೇತುವೆ ಕಟ್ಟುತ್ತದೆ. ಗಂಟೆ ಸದ್ದಿಗೇ ಜೊಲ್ಲು ಸುರಿಸಲು ಕಲಿತ ಪಾವ್ಲೋವ್‌ನ ನಾಯಿಯ ಪಾಠವನ್ನು ಆ ಡಿವೈಸ್‌ನಲ್ಲಿ ಅವರು ಮಾಡಿಸಿದರು.

ನನ್ನ ಮಗಳು ಇಸಿ ಮೂರನೇ ವರ್ಷ. ಈ ಫೀಲ್ಡ್‌ಗೆ ಬರಬಹುದಾ? ಊರು ಹಾವೇರಿ ಕಡೆ, ಕಾಲೇಜಲ್ಲಿ ಇಂಥ ಲ್ಯಾಬ್ ಇಲ್ಲ.

ಖಂಡಿತ ಬರಬಹುದು. ಕೇಂದ್ರ ಸರ್ಕಾರದ ನೆರವಿನಿಂದ ನಡೆಯುವ ಇನಪ್ ಅನ್ನುವ ಯೋಜನೆ ಇದೆ. ಅದರಲ್ಲಿ ಬೇರೆ ಕಾಲೇಜಿನವರಿಗೂ ಐಐಎಸ್‌ಸಿಯ ನ್ಯಾನೋ ಕೇಂದ್ರದಂಥ ಕಡೆ ತರಬೇತಿ, ಉಪಕರಣ ಬಳಸುವ ಅವಕಾಶ ಸಿಗುತ್ತದೆ. ಅಲ್ಲಿಯವರೆಗೆ ಎನ್‌ಜಿಸ್ಪೈಸ್‌ನಂಥ ಉಚಿತ ಸಾಫ್ಟ್‌ವೇರ್‌ನಲ್ಲಿ ಮೆಮ್ರಿಸ್ಟರ್ ಮಾಡೆಲ್ ಬರೆದು ಆಡಲಿ. ಭೌತಶಾಸ್ತ್ರ, ರಸಾಯನಶಾಸ್ತ್ರ ಎರಡನ್ನೂ ಬಿಡಬಾರದು. ಇಸಿ ಹುಡುಗರು ಕೆಮಿಸ್ಟ್ರಿ ಅಂದರೆ ಮುಖ ಸಿಂಡರಿಸುತ್ತಾರೆ. ಇಲ್ಲಿ ಅದು ನಡೆಯುವುದಿಲ್ಲ.

ನಮ್ಮ ಫೋನ್‌ಗೆ ಯಾವಾಗ ಬರುತ್ತೆ?

ವರ್ಷ ಹೇಳಲಾರೆ. ಇದೇ ಜಾತಿಯ ಡಿವೈಸ್‌ಗಳು ಬರೀ ಮೆಮೊರಿಯಾಗಿ ಆಗಲೇ ಮಾರುಕಟ್ಟೆಗೆ ಬಂದಿವೆ. ಪ್ಯಾನಸಾನಿಕ್ 2013ರಲ್ಲೇ ಇಂಥ ಮೆಮೊರಿ ಇರುವ ಮೈಕ್ರೋಕಂಟ್ರೋಲರ್ ಮಾಡಿತು. ಲೆಕ್ಕ ಮಾಡುವ ಸಿನಾಪ್ಸ್ ಆಗಿ ಬರಲು ಯಾಕೆ ತಡ ಅನ್ನುವುದು ಮುಂದಿನ ಭಾಗದಲ್ಲಿದೆ.

## ಕೈ ಕೊಳೆ ಮಾಡಿಕೊಂಡವರಿಗೆ

ಎಸ್‌ಟಿಡಿಪಿ ಅಂತ ಎಲ್ಲಾ ಪೇಪರ್‌ನಲ್ಲೂ ಬರುತ್ತೆ. ಡಿವೈಸ್‌ಗೆ ಸಮಯ ಹೇಗೆ ಗೊತ್ತಾಗುತ್ತೆ?

ಎಸ್‌ಟಿಡಿಪಿ ಅಂದರೆ ಎರಡು ಕೋಶಗಳ ಮಿಡಿತ ಯಾವುದು ಮೊದಲು, ಎಷ್ಟು ಅಂತರದಲ್ಲಿ ಬಂತು ಅನ್ನುವುದಕ್ಕೆ ತಕ್ಕಂತೆ ಕೊಂಡಿಯ ಬಲ ಬದಲಾಗುವುದು. ಡಿವೈಸ್‌ಗೆ ಗಡಿಯಾರ ಇಲ್ಲ, ಗೊತ್ತಾಗುವುದು ವೋಲ್ಟೇಜ್ ಒಂದೇ. ಮೊದಲು ಜೀವಶಾಸ್ತ್ರ: 1998ರಲ್ಲಿ ಬಿ ಮತ್ತು ಪೂ ಇಲಿಯ ನರಕೋಶಗಳಲ್ಲಿ ತೋರಿಸಿದಂತೆ, ಈಚೆ ಕೋಶ ಮೊದಲು ಮಿಡಿದು 20 ಮಿಲಿಸೆಕೆಂಡ್ ಒಳಗೆ ಆಚೆಯದು ಮಿಡಿದರೆ ಕೊಂಡಿ ಗಟ್ಟಿಯಾಗುತ್ತದೆ. ಹಿಂದುಮುಂದಾದರೆ ಸಡಿಲವಾಗುತ್ತದೆ.

ಲ್ಯಾಬ್‌ನಲ್ಲಿ ಮಾಡುವ ಉಪಾಯ ಇದು. ಡಿವೈಸ್ ಬದಲಾಗಲು 1 ವೋಲ್ಟ್ ದಾಟಬೇಕು ಅಂದುಕೊಳ್ಳಿ. ಎರಡೂ ಕಡೆಯಿಂದ ಬಾಲ ಇರುವ 0.6 ವೋಲ್ಟ್ ಪಲ್ಸ್ ಕಳಿಸುತ್ತೇವೆ. ಒಂಟಿಯಾಗಿ ಬಂದರೆ ಏನೂ ಆಗದು. ಒಂದರ ಬಾಲದ ಮೇಲೆ ಇನ್ನೊಂದು ಬಿದ್ದರೆ ಒಟ್ಟು 1 ವೋಲ್ಟ್ ದಾಟುತ್ತದೆ. ಹತ್ತಿರ ಬಂದಷ್ಟೂ ಜಾಸ್ತಿ ದಾಟುತ್ತದೆ. ಯಾವುದು ಮೊದಲು ಅನ್ನುವುದರ ಮೇಲೆ ದಿಕ್ಕು ಬದಲಾಗುತ್ತದೆ. ಮಿಶಿಗನ್‌ನ ವೈ ಲು ತಂಡ 2010ರಲ್ಲಿ ಬೆಳ್ಳಿ ಮತ್ತು ಸಿಲಿಕಾನ್ ಡಿವೈಸ್‌ನಲ್ಲಿ ಎಸ್‌ಟಿಡಿಪಿ ತೋರಿಸಿದ ಮೇಲೆ ಇಂಥ ಪೇಪರ್‌ಗಳ ಸುರಿಮಳೆಯೇ ಆಯಿತು. ಒಂದು ಮಾತು ಹೇಳಿಬಿಡುತ್ತೇನೆ: ಎಸ್‌ಟಿಡಿಪಿ ಕರ್ವ್ ಬಂತು ಅಂದಮಾತ್ರಕ್ಕೆ ಡಿವೈಸ್ ಕಲಿಯಿತು ಅಂತಲ್ಲ. ಆ ಕರ್ವ್‌ನ ಆಕಾರ ಬಹುಪಾಲು ನೀವು ಕೊಟ್ಟ ಪಲ್ಸ್‌ನ ಆಕಾರ.

ಲೀನಿಯರ್ ಆಗಿಲ್ಲ, ಸಿಮೆಟ್ರಿಕ್ ಆಗಿಲ್ಲ ಅಂತ ರಿವ್ಯೂನಲ್ಲಿ ಬೈಸ್ಕೊಂಡೆ. ಅಷ್ಟೊಂದು ಮುಖ್ಯಾನಾ?

ಬೈಸಿಕೊಂಡಿದ್ದಕ್ಕೆ ಬೇಜಾರಾಗಬೇಡಿ, ಎಲ್ಲರೂ ಬೈಸಿಕೊಂಡಿದ್ದೇವೆ. ಆದರೆ ಅವರು ಹೇಳಿದ್ದು ಸರಿ. ಹಳೇ ಮನೆಯ ನಲ್ಲಿ ಇರುತ್ತದಲ್ಲ, ಅರ್ಧ ಸುತ್ತಿದರೂ ಹನಿ ಬರುವುದಿಲ್ಲ, ಇನ್ನೊಂದು ಚೂರು ತಿರುಗಿಸಿದರೆ ಬಕೆಟ್ ತುಂಬಿ ಹರಿಯುತ್ತದೆ. ಎಳೆ ಕಟ್ಟುವ ಡಿವೈಸ್‌ಗಳೂ ಹೀಗೇ ಸಮವಾಗಿ ಬದಲಾಗುವುದಿಲ್ಲ, ಕ್ರಮ ಮಾತ್ರ ಉಲ್ಟಾ. ಮೊದಲ ಕೆಲವು ಪಲ್ಸ್‌ಗೆ ದೊಡ್ಡ ಜಿಗಿತ, ಆಮೇಲಿನವಕ್ಕೆ ಅಲುಗುವುದೇ ಇಲ್ಲ. ಇಳಿಸುವಾಗ ಎಳೆ ತುಂಡಾಗಿ ದಬಕ್ ಅಂತ ಬೀಳುತ್ತದೆ. ಟ್ರೈನಿಂಗ್‌ನಲ್ಲಿ 'ಚೂರು ಏರಿಸು, ಚೂರು ಇಳಿಸು' ಅಂತ ಲಕ್ಷಾಂತರ ಸಲ ಹೇಳುತ್ತೇವೆ. ಏರಿದಷ್ಟೇ ಇಳಿಯದಿದ್ದರೆ ತಪ್ಪು ಒಂದೇ ಕಡೆಗೆ ಸೇರುತ್ತಾ ಹೋಗುತ್ತದೆ.

ಬೇರೆ ಕಡೆ ಟ್ರೈನ್ ಮಾಡಿದ ತೂಕಗಳನ್ನು ಒಂದೇ ಸಲ ಬರೆದು ಬರೀ ಓದುವ ಕೆಲಸಕ್ಕಾದರೆ ಇದು ಅಷ್ಟು ಕಾಡುವುದಿಲ್ಲ. ಬರೆಯುವುದು, ಓದಿ ನೋಡುವುದು, ತಿದ್ದುವುದು ಮಾಡುತ್ತಾ ಬೇಕಾದ ಮಟ್ಟಕ್ಕೆ ತರಬಹುದು.

ತೂಕ ಮೈನಸ್ ಇರುತ್ತೆ, ಕಂಡಕ್ಟೆನ್ಸ್ ಮೈನಸ್ ಆಗೋಕೆ ಸಾಧ್ಯ ಇಲ್ಲ. ಹೇಗೆ?

ಒಂದು ತೂಕಕ್ಕೆ ಎರಡು ಡಿವೈಸ್. ಮೊದಲನೆಯದರ ಕರೆಂಟ್‌ನಿಂದ ಎರಡನೆಯದರ ಕರೆಂಟ್ ಕಳೆಯುತ್ತೇವೆ. 10 ಮತ್ತು 25 ಮೈಕ್ರೋಸೀಮೆನ್ಸ್ ಇದ್ದರೆ ತೂಕ ಮೈನಸ್ 15. ಜಾಗ ಎರಡು ಪಟ್ಟು ಬೇಕು, ಬೇರೆ ದಾರಿ ಕಡಿಮೆ.

ಜಾಲರಿ ದೊಡ್ಡದು ಮಾಡಿದ್ರೆ ಆಯ್ತಲ್ಲ? ತಡೆ ಏನು?

ಒಂದು, ಕಳ್ಳದಾರಿ. ನೀವು ಓದಬೇಕೆಂದ ಡಿವೈಸ್ ಬಿಟ್ಟು ಪಕ್ಕದ ಮೂರರ ಮೂಲಕ ಸುತ್ತಿಕೊಂಡೂ ಕರೆಂಟ್ ಬರುತ್ತದೆ. ಅದನ್ನು ತಡೆಯಲು ಪ್ರತಿ ಡಿವೈಸ್‌ಗೂ ಒಂದು ಟ್ರಾನ್ಸಿಸ್ಟರ್ ಕಾವಲು ಇಡುತ್ತಾರೆ. ಎರಡು, ತಂತಿಗೂ ರೆಸಿಸ್ಟೆನ್ಸ್ ಇದೆ. ಕಾಲುವೆಯ ಕೊನೇ ಗದ್ದೆಗೆ ನೀರು ಕಡಿಮೆ ಬರುವಂತೆ ದೂರದ ಡಿವೈಸ್‌ಗೆ ವೋಲ್ಟೇಜ್ ಕಡಿಮೆ ಮುಟ್ಟುತ್ತದೆ.

ಮೂರನೆಯದನ್ನು ಜನ ಮರೆಯುತ್ತಾರೆ. ತಂತಿ ತುದಿಯ 8 ಮೈಕ್ರೋಆಂಪ್ ಅನ್ನು ಅಂಕಿಯಾಗಿಸುವ ಎಡಿಸಿ ಸರ್ಕ್ಯೂಟ್ ಬೇಕಲ್ಲ? ಎಷ್ಟೋ ವಿನ್ಯಾಸಗಳಲ್ಲಿ ಜಾಲರಿ ಉಳಿಸಿದ ಶಕ್ತಿಯ ದೊಡ್ಡ ಪಾಲು ಅದೇ ನುಂಗುತ್ತದೆ. ಪೇಪರ್ ಓದುವಾಗ ಹೇಳಿರುವ ಉಳಿತಾಯ ಬರೀ ಜಾಲರಿಯದ್ದೋ ಎಡಿಸಿಯೂ ಸೇರಿದೆಯೋ ಅಂತ ಮೊದಲು ನೋಡಿ.

ಮೊದಲ ಸ್ವೀಪ್‌ನಲ್ಲೇ ನನ್ನ ಡಿವೈಸ್ ಶಾರ್ಟ್ ಆಗ್ತಿದೆ. ಗೈಡ್ ಊರಲ್ಲಿಲ್ಲ. ಏನ್ಮಾಡ್ಲಿ?

ಸ್ವೀಪ್ ಅಂದರೆ ವೋಲ್ಟೇಜ್ ಮೆಲ್ಲಗೆ ಏರಿಸಿ ಇಳಿಸಿ ಕರೆಂಟ್ ಅಳೆಯುವುದು. ಅದಕ್ಕೆ ಮೊದಲು ಕಂಪ್ಲಯನ್ಸ್ ನೋಡಿ. ಮೀಟರ್ ಇದಕ್ಕಿಂತ ಹೆಚ್ಚು ಕರೆಂಟ್ ಬಿಡಬಾರದು ಅನ್ನುವ ಮಿತಿ ಅದು. ಆಕ್ಸೈಡ್ ಡಿವೈಸ್‌ಗೆ ಮೊದಲ ಸಲ ಎಳೆ ಕಟ್ಟಿಸುವಾಗ ಮಿತಿ ಇಲ್ಲದಿದ್ದರೆ ಎಳೆ ಹಗ್ಗವಾಗುತ್ತದೆ, ಮತ್ತೆ ಎಂದೂ ಕಡಿಯುವುದಿಲ್ಲ. ಇದನ್ನು ಅನುಭವದಿಂದ ಹೇಳುತ್ತಿದ್ದೇನೆ. ಒಂದು ಸಂಜೆ ಹಿಂದಿನವರು ಬಿಟ್ಟುಹೋದ 100 ಮಿಲಿಆಂಪ್ ಸೆಟ್ಟಿಂಗ್ ನೋಡದೆ ಒಂದೇ ಸಾಲಿನಲ್ಲಿ 11 ಡಿವೈಸ್ ಸುಟ್ಟೆ. ಮೈಕ್ರೋಸ್ಕೋಪ್‌ನಲ್ಲಿ ಚಿನ್ನದ ಚೌಕದ ಅಂಚಿನಲ್ಲಿ ಸಣ್ಣ ಕಪ್ಪು ಗುಳ್ಳೆಗಳು, ದೋಸೆ ಕಾವಲಿ ಮೇಲೆ ಏಳುವಂಥವು. ಹನ್ನೊಂದನೆಯದರಲ್ಲಿ ತಾನೇ ಬುದ್ಧಿ ಬಂದದ್ದು.

100 ಮೈಕ್ರೋಆಂಪ್‌ನಿಂದ ಶುರು ಮಾಡಿ. ಅಷ್ಟಕ್ಕೂ ಸಾಯುತ್ತಿದ್ದರೆ ಕೇಬಲ್ ಮೇಲೆ ಅನುಮಾನ ಇಡಿ. ಉದ್ದ ಕೇಬಲ್‌ನಲ್ಲಿ ತುಂಬಿಕೊಂಡ ಚಾರ್ಜ್ ಮೀಟರ್ ತಡೆಯುವ ಮುಂಚೆಯೇ ಡಿವೈಸ್ ಮೇಲೆ ಬೀಳುತ್ತದೆ. ಪಕ್ಕದಲ್ಲೇ ಸರಣಿಯಾಗಿ ಒಂದು ರೆಸಿಸ್ಟರ್ ಅಥವಾ ಟ್ರಾನ್ಸಿಸ್ಟರ್ ಇಟ್ಟರೆ ನಿಲ್ಲುತ್ತದೆ. ಸೂಜಿಯನ್ನು ಕೂಡುವ ಜಾಗದ ಮೇಲೇ ಊರಬೇಡಿ, ಚೌಕದ ಮೇಲೆ ಊರಿ. ಸೂಜಿ ಮುಟ್ಟಿ ಚೂರೇ ಜಾರಿದ್ದು ಕಂಡರೆ ಸಾಕು, ಇನ್ನೂ ಒತ್ತಬೇಡಿ. ಓದುವುದಕ್ಕೆ 0.1 ವೋಲ್ಟ್ ಮೀರಬೇಡಿ, ಇಲ್ಲದಿದ್ದರೆ ಓದುತ್ತಾ ಓದುತ್ತಾ ಬರೆದುಬಿಡುತ್ತೀರಿ.

ಎಲ್ಲ ಸರಿಹೋದರೆ ವೋಲ್ಟೇಜ್-ಕರೆಂಟ್ ಗ್ರಾಫ್‌ನಲ್ಲಿ ಸೊನ್ನೆಯಲ್ಲಿ ಕಟ್ಟಿದ ಎರಡು ಕುಣಿಕೆ ಬರುತ್ತದೆ, ಲಾಗ್ ಸ್ಕೇಲ್‌ನಲ್ಲಿ ಚಿಟ್ಟೆಯ ರೆಕ್ಕೆಯಂತೆ. ಆ ಖುಷಿಯಲ್ಲಿ ಸತ್ತ ಡಿವೈಸ್‌ಗಳ ನಂಬರ್ ನೋಟ್‌ಬುಕ್‌ನಿಂದ ಹೊಡೆದುಹಾಕಬೇಡಿ. ನೂರರಲ್ಲಿ ಎಷ್ಟು ಬದುಕಿದವು ಅಂತ ಗೈಡ್ ಬಂದ ತಕ್ಷಣ ಕೇಳುತ್ತಾರೆ.